ಕಿವಿಕಾಳು

ಶಂಕ್ರೆವ್ವ ಕಿವಿಯ ಯಂತ್ರಕ್ಕೆ ಮಗ್ಗದ ಎಣ್ಣೆ ಬಿಟ್ಟಳು. ಒಂದೇ ಹನಿ. ಕಿರುಗುಟ್ಟುವ ಯಾವುದಕ್ಕಾದರೂ ಅವಳು ಮೂವತ್ತೆರಡು ವರ್ಷ ಮಾಡಿಕೊಂಡು ಬಂದದ್ದು ಅದನ್ನೇ. ಎಡಗಿವಿಯ ಯಂತ್ರ ಬೆಳಗಿನಿಂದ ಸಿಳ್ಳೆ ಹಾಕುತ್ತಿತ್ತು. ಹನಿ ಬಿದ್ದ ಮೇಲೆ ಸಿಳ್ಳೆ ನಿಂತಿತು. ಸಂಜೆಯ ಹೊತ್ತಿಗೆ ಅದರಲ್ಲಿ ಬೇರೆ ಯಾವ ಸದ್ದೂ ಉಳಿದಿರಲಿಲ್ಲ.

ಆ ಹನಿ ಬೀಳದಿದ್ದರೆ ಮುಂದಿನದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಮೂರು ತಿಂಗಳ ಹಿಂದಿನಿಂದ ಹೇಳಬೇಕು.

ಬನಹಟ್ಟಿಯಲ್ಲಿ ಗುರುಪಾದಪ್ಪ ಸಾವ್ಕಾರರ ಶೆಡ್ಡಿದೆ. ಒಂದೇ ತಗಡಿನ ಸೂರಿನಡಿ ನಲವತ್ತು ಪವರ್‌ಲೂಮ್ ಮಗ್ಗ. ಪ್ರತಿ ಮಗ್ಗದಲ್ಲೂ ಅಡ್ಡನೂಲು ಒಯ್ಯುವ ಲಾಳಿ ನಿಮಿಷಕ್ಕೆ ನೂರಿಪ್ಪತ್ತು ಸಲ ಆ ಕಡೆಯಿಂದ ಈ ಕಡೆಗೆ ಬಡಿಯುತ್ತದೆ. ಆ ಸದ್ದಿನಲ್ಲಿ ಮನುಷ್ಯರ ದನಿಗೆ ಜಾಗವಿಲ್ಲ. ಹಾಗಾಗಿ ಶೆಡ್ಡಿನಲ್ಲಿ ಯಾರೂ ದನಿ ತೆಗೆಯುವುದಿಲ್ಲ. ತುಟಿಯನ್ನು ಅಗಲವಾಗಿ ಆಡಿಸಿ ಮಾತಾಡುತ್ತಾರೆ, ನಾಲ್ಕು ಮಗ್ಗದಾಚೆ ನಿಂತವರು ಅದನ್ನು ಓದಿಕೊಳ್ಳುತ್ತಾರೆ. ತುಟಿಮಾತು ಎನ್ನುತ್ತಾರೆ ಅದಕ್ಕೆ. ಅದನ್ನು ಯಾರೂ ಕೂತು ಕಲಿಸಿದ್ದಲ್ಲ. ಶೆಡ್ಡು ಸೇರಿದ ಆರು ತಿಂಗಳಿಗೆ ತುಟಿಮಾತು ಬರುತ್ತದೆ, ಹದಿನೈದು ವರ್ಷಕ್ಕೆ ಕಿವಿ ಹೋಗುತ್ತದೆ.

ಸಾವ್ಕಾರರು ಕರೆಸಿದ ಹುಬ್ಬಳ್ಳಿಯ ಒಂದು ಶ್ರವಣ ಕೇಂದ್ರದವರು ಬಂದು ಎಲ್ಲರ ಕಿವಿ ಪರೀಕ್ಷಿಸಿ ಹನ್ನೊಂದು ಜನರಿಗೆ ಪ್ರಯೋಗಕ್ಕೆಂದು ಹೊಸ ಬಗೆಯ ಶ್ರವಣಯಂತ್ರ ಕೊಟ್ಟರು. ಹನ್ನೊಂದರಲ್ಲಿ ಸಾವ್ಕಾರರೂ ಒಬ್ಬರು. ಅವರು ಅಪ್ಪನ ಕಾಲದಲ್ಲಿ ಇದೇ ಶೆಡ್ಡಿನಲ್ಲಿ ಹದಿನಾರು ವರ್ಷ ನೇಯ್ದವರು. ಅವರ ಕಿವಿಯೂ ಉಳಿದಿರಲಿಲ್ಲ. ಯಂತ್ರ ಅಲಸಂದಿ ಕಾಳಿನಷ್ಟೇ ಇತ್ತು, ಕಿವಿಯೊಳಗೆ ಪೂರ್ತಿ ಕೂರುತ್ತಿತ್ತು. ಒಂದೇ ದಿನದಲ್ಲಿ ಅದಕ್ಕೆ ಕಿವಿಕಾಳು ಎಂದು ಹೆಸರು ಬಿತ್ತು.

ಕಾಳನ್ನು ಮೊದಲು ಅನುಮಾನಿಸಿದವಳು ಹುಸೇನಬಿ. ಶಂಕ್ರೆವ್ವನ ಪಕ್ಕದ ಮಗ್ಗದವಳು, ಇಪ್ಪತ್ತು ವರ್ಷದ ಗೆಳತಿ.

"ಸಾವ್ಕಾರ ಇಷ್ಟ ವರ್ಷದಾಗ ನಮಗ ಪುಕ್ಕಟ ಚಾ ಕುಡಿಸಿದಾಂವಲ್ಲ," ಎಂದಳು. "ಈಗ ಕಿವಿ ಕೊಡಸ್ತಾನಂದ್ರ ನಂಬತೀಯೇನ? ಇದು ನಮ್ಮ ಮಾತು ಒಯ್ದು ಅವ್ನಿಗೆ ಹಾಕ್ತೈತಿ, ನೋಡ್ತಿರು."

ಈ ಮಾತು ಎಲ್ಲರಿಗೂ ಹೌದೆನಿಸಿತು. ಹಾಗಾಗಿ ಒಂದು ಪರೀಕ್ಷೆ ಮಾಡಿದರು. ಚಹಾದ ಬಿಡುವಿನಲ್ಲಿ ಕಾಳು ಹಾಕಿಕೊಂಡು ಹೊರಗಿನ ಬೇವಿನ ಕಟ್ಟೆಯ ಮೇಲೆ ಕೂತು, ಬರುವ ಗುರುವಾರದಿಂದ ಎಲ್ಲ ಮಗ್ಗ ನಿಲ್ಲಿಸೋಣ ಎಂದು ಜೋರಾಗಿ ಮಾತಾಡಿದರು. ಹಾಗೆ ಮಾಡುವ ಇರಾದೆ ಯಾರಿಗೂ ಇರಲಿಲ್ಲ. ಗುರುವಾರದವರೆಗೆ ಸಾವ್ಕಾರರ ಮುಖ ನೋಡಿದರು. ಅವರು ಯಾರನ್ನೂ ಕರೆಯಲಿಲ್ಲ, ಕೇಳಲಿಲ್ಲ. ಬದಲಿಗೆ ಮೊದಲಿಗಿಂತ ಸೌಮ್ಯವಾಗಿದ್ದರು. ಹನ್ನೊಂದನೆಯ ಮಗ್ಗದ ಲಾಳಿಯ ತಡೆಕಂಬಿ ಮುರಿದಿದೆ, ಲಾಳಿ ಹಾರಿ ಯಾರ ಮುಖಕ್ಕಾದರೂ ಬಡಿದೀತು ಎಂದು ಹುಸೇನಬಿ ಹೋಗಿ ಹೇಳಿದಾಗ ಸಿಟ್ಟಾಗದೆ ನಕ್ಕು "ಆಗ್ಲಿ" ಎಂದರಂತೆ. ಕಾಳು ಬರುವ ಮುಂಚಿನ ಸಾವ್ಕಾರರಾಗಿದ್ದರೆ ಮುರಿದವರು ಯಾರು ಎಂದು ಕೂಗಾಡುತ್ತಿದ್ದರು.

ಕಾಳು ಚಾಡಿ ಹೇಳುವುದಿಲ್ಲ ಎಂದು ತೀರ್ಮಾನವಾಯಿತು. ಅನುಮಾನ ಅಲ್ಲಿಗೇ ಮುಗಿಯಿತು. ಮಾತು ಎಲ್ಲಿಗೆ ಹೋಗುತ್ತದೆ ಎಂದಷ್ಟೇ ಅವರು ಪರೀಕ್ಷಿಸಿದ್ದರು. ಬರಬೇಕಾದ ಮಾತೆಲ್ಲ ಬರುತ್ತಿದೆಯೇ ಎಂದು ನೋಡಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಮೊದಲ ಎರಡು ವಾರ ಶಂಕ್ರೆವ್ವನಿಗೆ ಕಾಳು ಹಿಂಸೆಯಾಗಿತ್ತು. ಸ್ಟೀಲ್ ತಟ್ಟೆ ಕೆಳಗಿಟ್ಟರೆ ತಲೆಯೊಳಗೆ ಮೊಳೆ ಹೊಡೆದ ಹಾಗೆ. ತನ್ನ ರೊಟ್ಟಿ ತಾನೇ ಅಗಿಯುವ ಸದ್ದಿಗೆ ಅವಳು ಊಟ ಅರ್ಧಕ್ಕೆ ಬಿಟ್ಟಳು. ಮನೆಯ ಮುಂದಿನ ನಲ್ಲಿ ಹನಿಕ್ಕುತ್ತದೆ ಎಂದು ಒಂಬತ್ತು ವರ್ಷದ ಮೇಲೆ ಗೊತ್ತಾಯಿತು. ಸೀರೆಯ ಸೆರಗು ಕಿವಿಗೆ ತಾಗಿದರೆ ಗುಡುಗು. ತೆಗೆದು ಟ್ರಂಕಿನಲ್ಲಿಡುತ್ತೇನೆ ಎಂದು ಎರಡು ಸಲ ಹೇಳಿದಳು. ಮಗಳು ಕಸ್ತೂರಿ ಬಿಡಲಿಲ್ಲ. ದಿನಕ್ಕೆ ಒಂದು ತಾಸು, ಆಮೇಲೆ ಎರಡು ತಾಸು ಹಾಕಿಕೊಂಡು ರೂಢಿ ಮಾಡಿಕೊಳ್ಳಬೇಕೆಂದು ಕೇಂದ್ರದವರು ಕೊಟ್ಟ ಚೀಟಿಯಲ್ಲಿ ಬರೆದಿತ್ತು. ಕಸ್ತೂರಿ ಅದನ್ನು ಓದಿ ಓದಿ ಹೇಳಿದಳು.

ಕಸ್ತೂರಿಗೆ ಇಪ್ಪತ್ನಾಲ್ಕು. ಮಗ್ಗದ ಶೆಡ್ಡಿಗೆ ಅಂಟಿಕೊಂಡ ಕೋಣೆಯಲ್ಲಿ ಕಂಡಿಕೆ ಸುತ್ತುತ್ತಿದ್ದಳು. ಲಾಳಿಯೊಳಗೆ ಕೂರುವ ನೂಲಿನ ಸುರುಳಿ ಅದು. ಅಲ್ಲಿ ಗೋಡೆಯ ಮರೆ ಇದೆ, ಸದ್ದು ಕಡಿಮೆ. ಇಬ್ಬರೇ ಇದ್ದ ಮನೆ ಅದು. ಅವಳಪ್ಪ ತೀರಿಕೊಂಡು ಆರು ವರ್ಷವಾಗಿತ್ತು.

ಕಾಳಿನ ಆರೈಕೆಯನ್ನು ಶಂಕ್ರೆವ್ವ ಮಗ್ಗದ ಆರೈಕೆಯ ಹಾಗೆಯೇ ಕಲಿತಳು. ಶೆಡ್ಡಿನ ಬಾಗಿಲಲ್ಲಿ ತೆಗೆದು ಡಬ್ಬಿಗೆ ಹಾಕುವುದು, ಯಾಕೆಂದರೆ ಒಳಗೆ ನೂಲಿನ ಜುಂಗು ಹಾರಿ ಅದರ ಜಾಲರಿಯಲ್ಲಿ ಕೂರುತ್ತದೆ. ಒಣ ಬಟ್ಟೆಯಲ್ಲಿ ಒರೆಸುವುದು. ಕಿವಿಯ ಕೊಳೆಯನ್ನು ಅವರು ಕೊಟ್ಟ ಸಣ್ಣ ಬ್ರಷ್ಷಿನಿಂದ ತೆಗೆಯುವುದು. ಆ ಬ್ರಷ್ಷು ಅವಳಿಗೆ ಸೇರಲಿಲ್ಲ. ಹಾಸಿನ ನೂಲಿಗೆ ಗಂಜಿ ಹಚ್ಚುವ ಹಳೆಯ ಕುಂಚದ ಒಂದು ಕೂದಲು ಕಿತ್ತು ಅದರಿಂದಲೇ ಜಾಲರಿ ಬಿಡಿಸುತ್ತಿದ್ದಳು. ಮಲಗುವ ಮುಂಚೆ ಒಣಗಿಸುವ ಡಬ್ಬಿಯಲ್ಲಿಟ್ಟು ಮುಚ್ಚಳ ಬಿಗಿ ಮಾಡುವುದು.

ಮೂರನೆಯ ವಾರದಿಂದ ಎಲ್ಲ ಮೆತ್ತಗಾಯಿತು. ತಟ್ಟೆ ಚುಚ್ಚಲಿಲ್ಲ. ನಲ್ಲಿ ಹನಿಕ್ಕುವುದು ಕೇಳಲಿಲ್ಲ. ರೂಢಿಯಾಯಿತು ಎಂದುಕೊಂಡಳು. ಎದ್ದಾಗಿನಿಂದ ಮಲಗುವವರೆಗೆ, ಶೆಡ್ಡಿನ ಹೊತ್ತು ಬಿಟ್ಟರೆ, ಕಾಳು ಕಿವಿಯಲ್ಲೇ. ಅವಳಿಗೆ ಎಲ್ಲಕ್ಕಿಂತ ಹಿತವಾದದ್ದು ಬೇರೆ. ಹತ್ತು ವರ್ಷ ಅವಳು ಎದುರಿನವರ ಬಾಯಿ ನೋಡಿಯೇ ಬದುಕಿದ್ದಳು. ಒಲೆಯ ಮುಂದೆ ನಿಂತರೆ ಜಗತ್ತು ಬಂದ್. ಈಗ ಮಗಳಿಗೆ ಬೆನ್ನು ಹಾಕಿ ರೊಟ್ಟಿ ಬಡಿಯುತ್ತಲೇ ಅವಳ ಜೊತೆ ಮಾತಾಡಬಹುದಿತ್ತು. ಇದು ಅವಳಿಗೆ ದೊಡ್ಡಸ್ತಿಕೆಯಾಯಿತು. ಬೇಕೆಂದೇ ಬೆನ್ನು ಹಾಕಿ ಮಾತಾಡುತ್ತಿದ್ದಳು.

ಆ ದಿನಗಳಲ್ಲೇ ಒಂದು ಕೆಲಸ ಕುದುರಿಸಿದಳು. ಅವರು ಇದ್ದದ್ದು ಸಾವ್ಕಾರರ ಸಾಲುಮನೆ. ನಾಲ್ಕು ಮಗ್ಗ ನಡೆಸುವ ಕುಟುಂಬಕ್ಕೆ ಒಂದು ಮನೆ ಎಂಬುದು ಅಲ್ಲಿನ ಕಟ್ಟಳೆ. ಶಂಕ್ರೆವ್ವನ ಮೊಣಕಾಲು ಸೋತು ಎರಡೇ ಮಗ್ಗ ಉಳಿದಿದ್ದವು. ಇನ್ನೆರಡನ್ನು ಕಸ್ತೂರಿ ನಡೆಸುತ್ತಾಳೆ ಎಂದು ಅವಳೇ ಹೋಗಿ ಸಾವ್ಕಾರರಿಗೆ ಹೇಳಿದಳು. ಅವರು ನಕ್ಕು, ಬರುವ ತಿಂಗಳ ಮೊದಲ ಸೋಮವಾರದಿಂದ ನಿಲ್ಲಲಿ ಎಂದರು. ಮಗಳಿಗೂ ಹೇಳಿಯಾಗಿತ್ತು. ಮಗಳು ಬೇಡವೆಂದ ನೆನಪು ಅವಳಿಗೆ ಇರಲಿಲ್ಲ.

ಹುಬ್ಬಳ್ಳಿಯ ಕೇಂದ್ರದ ಮೂರನೆಯ ಮಹಡಿಯಲ್ಲಿ ಒಂದು ಗೋಡೆಯ ತುಂಬ ಕಂಪ್ಯೂಟರಿನ ಪರದೆ. ಆರುನೂರ ಹನ್ನೆರಡು ಸಾಲು, ಒಂದೊಂದು ಸಾಲು ಒಬ್ಬೊಬ್ಬರ ಕಿವಿ. ಹೆಸರಿಲ್ಲ, ಸಂಖ್ಯೆ ಮತ್ತು ಊರು ಮಾತ್ರ. ಅದರ ಮುಂದೆ ಕೂರುತ್ತಿದ್ದವಳು ಮೇಧಾ ಕಟ್ಟಿ, ಶ್ರವಣ ಪರೀಕ್ಷಕಿ, ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು.

ಯಂತ್ರದ ಹಿಂದಿನ ಯೋಚನೆ ಸರಳವಾಗಿತ್ತು. ಶ್ರವಣಯಂತ್ರ ಪಡೆದ ಅರ್ಧ ಜನ ಮೊದಲ ತಿಂಗಳಲ್ಲೇ ಅದನ್ನು ಎತ್ತಿಡುತ್ತಾರೆ. ಕಾರಣ, ಹಳೆಯ ಯಂತ್ರಗಳು ಎಲ್ಲ ಸದ್ದನ್ನೂ ಒಂದೇ ಸಮ ದೊಡ್ಡದು ಮಾಡುತ್ತವೆ, ಸದ್ದನ್ನೇ ಮರೆತ ಮಿದುಳು ಅದನ್ನು ತಡೆದುಕೊಳ್ಳುವುದಿಲ್ಲ. ಹೊಸ ಯಂತ್ರ ಕಿವಿಯ ಗೋಡೆಯಲ್ಲಿ ನಾಡಿ ಅಳೆಯುತ್ತದೆ. ಯಾವ ಸದ್ದಿಗೆ ನಾಡಿ ಏರಿತೋ ಅದನ್ನು ಗುರುತಿಟ್ಟುಕೊಂಡು ಮುಂದಿನ ಸಲ ಸ್ವಲ್ಪ ಇಳಿಸುತ್ತದೆ, ಅದರ ಮುಂದಿನ ಸಲ ಇನ್ನಷ್ಟು. ಯಾವುದು ಮಾತು, ಯಾವುದು ಗದ್ದಲ ಎಂದು ಅದಕ್ಕೆ ಯಾರೂ ಹೇಳಿಕೊಟ್ಟಿಲ್ಲ. ಹಾಕಿಕೊಂಡವರನ್ನು ಬಾಧಿಸಿದ್ದೇ ಗದ್ದಲ.

ಇದು ಚೆನ್ನಾಗಿ ಕೆಲಸ ಮಾಡಿತು. ದಿನಕ್ಕೆ ಎಷ್ಟು ತಾಸು ಹಾಕಿಕೊಳ್ಳುತ್ತಾರೆ ಎಂಬುದೇ ಯಶಸ್ಸಿನ ಅಳತೆಯಾಗಿತ್ತು. ಪರದೆಯ ಬಹುತೇಕ ಸಾಲುಗಳು ಹಸಿರಾಗಿದ್ದವು.

ಮೇಧಾಳ ಕಣ್ಣಿಗೆ ಬಿದ್ದದ್ದು ಇನ್ನೂರ ಹದಿನಾಲ್ಕನೆಯ ಸಾಲು. ಯಂತ್ರ ಮಾತುಗಳನ್ನು ಉಳಿಸಿಕೊಳ್ಳುವುದಿಲ್ಲ, ಯಾವ ಬಗೆಯ ಸದ್ದನ್ನು ಎಷ್ಟು ಸೆಕೆಂಡು ಅದುಮಿತು ಎಂಬ ಲೆಕ್ಕ ಮಾತ್ರ ಕಳಿಸುತ್ತದೆ. ಈ ಸಾಲಿನಲ್ಲಿ ದಿನಾ ಸಂಜೆ ಆರರಿಂದ ಏಳರ ನಡುವೆ ಒಂದೇ ಒಂದು ದನಿಯನ್ನು ಯಂತ್ರ ಅದುಮುತ್ತಿತ್ತು. ಎಳೆ ಹೆಂಗಸಿನ ದನಿ. ಪೂರ್ತಿ ಅಲ್ಲ, ಆ ದನಿಯ ಕೆಲವು ತುಣುಕು ಮಾತ್ರ. ಐದನೆಯ ವಾರ ಎಂಟು ಸೆಕೆಂಡು. ಹತ್ತನೆಯ ವಾರಕ್ಕೆ ಎರಡೂವರೆ ನಿಮಿಷ. ಅದೇ ಊರಿನ ಇನ್ನೂರ ಒಂಬತ್ತನೆಯ ಸಾಲು ಬೇರೆ ಥರ ಇತ್ತು. ಅಲ್ಲಿ ಹಗಲೆಲ್ಲ ಹತ್ತಾರು ದನಿಗಳನ್ನು ಯಂತ್ರ ಅದುಮುತ್ತಿತ್ತು. ಆ ಸಾಲಿನವರು ದಿನಕ್ಕೆ ಹದಿನೈದು ತಾಸು ಹಾಕಿಕೊಳ್ಳುತ್ತಿದ್ದರು.

ಅವಳು ಇದನ್ನು ಕೇಂದ್ರದ ಮುಖ್ಯಸ್ಥ ಡಾಕ್ಟರ್ ಸುಧೀಂದ್ರರಿಗೆ ತೋರಿಸಿದಳು. ಅವರು ತಾಸಿನ ಅಂಕಿಯ ಮೇಲೆ ಬೆರಳಿಟ್ಟು, ತೊಂದರೆ ಇದ್ದವರು ಯಾಕೆ ಇಷ್ಟು ಹೊತ್ತು ಹಾಕಿಕೊಳ್ಳುತ್ತಾರೆ ಎಂದು ಕೇಳಿದರು. ಬಳಕೆದಾರರನ್ನು ಕರೆದು ವಿಚಾರಿಸುವಂತಿಲ್ಲ ಎಂಬುದು ಪ್ರಯೋಗದ ನಿಯಮ. ವಿಚಾರಿಸಿದರೆ ಅವರ ನಡವಳಿಕೆ ಬದಲಾಗುತ್ತದೆ.

ಎರಡು ವಾರದ ಮೇಲೆ ಒಂದು ಮಂಗಳವಾರ ಇನ್ನೂರ ಹದಿನಾಲ್ಕು ತಾನಾಗಿ ಬಂದು ಅವಳ ಮುಂದೆ ಕೂತಿತು. ಐವತ್ತರ ಆಸುಪಾಸಿನ ಹೆಂಗಸು, ಕೈಯಲ್ಲಿ ಆ ಸಂಖ್ಯೆಯ ಡಬ್ಬಿ. ಮೇಧಾ ಯಂತ್ರವನ್ನು ಮೂಸಿ ನೋಡಿದಳು.

"ಇದಕ್ಕೇನ್ ಹಾಕೀರಿ?"

"ಎಣ್ಣಿ."

"ಅಡಗಿ ಎಣ್ಣಿ?"

"ಮಶಿನ್ನಿಗೆ ಅಡಗಿ ಎಣ್ಣಿ ಯಾರ್ ಹಾಕ್ತಾರ್ರೀ ಅಕ್ಕೋರ," ಎಂದಳು ಶಂಕ್ರೆವ್ವ. "ಮಗ್ಗದ್ದು. ಚಲೋದು ಐತಿ."

ಮೇಧಾ ನಗು ತಡೆದುಕೊಂಡಳು. ಕಿವಿಯಲ್ಲಿ ಕಾಳು ಸಡಿಲವಾಗಿ ಕೂತರೆ ಸದ್ದು ಹೊರಗೆ ಸೋರಿ ಮತ್ತೆ ಒಳಗೆ ಬರುತ್ತದೆ, ಸಿಳ್ಳೆ ಅದರದ್ದು, ತಿರುಗಿಸಿ ಒತ್ತಿದ್ದರೆ ಸಾಕಿತ್ತು ಎಂದು ವಿವರಿಸಿದಳು. ಇದನ್ನು ಬಿಚ್ಚಿ ತೊಳೆಯಲು ಹತ್ತು ದಿನ ಬೇಕು. ಅಲ್ಲಿಯವರೆಗೆ ಎಡಗಿವಿಗೆ ಬೇರೊಂದು ಕೊಡುತ್ತೇನೆ ಎಂದು ಕೆಳಗಿನ ಡ್ರಾಯರಿನಿಂದ ಒಂದನ್ನು ತೆಗೆದಳು. ಹಳೆಯ ಬಗೆಯದು, ಕಿವಿಯ ಹಿಂದೆ ಕೂರುವಂಥದ್ದು. ಎಲ್ಲ ಸದ್ದನ್ನೂ ದೊಡ್ಡದು ಮಾಡುವುದು ಬಿಟ್ಟು ಬೇರೇನೂ ತಿಳಿಯದ್ದು. ಹೊಸ ಬಗೆಯದು ಸದ್ಯ ಇಲ್ಲ ಎಂದು ಹೇಳಿದಳು. ಮೇಲಿನ ಡ್ರಾಯರಿನಲ್ಲಿ ಆರು ಇದ್ದವು.

"ಇದು ಸ್ವಲ್ಪ ತ್ರಾಸ ಕೊಡ್ತದ್ರಿ," ಎಂದಳು. "ಆದ್ರೂ ತಗೀಬ್ಯಾಡ್ರಿ. ಮನ್ಯಾಗ ಎರಡೂ ಹಾಕ್ಕೊಂಡಿರ್ರಿ."

ಬಸ್ಸಿನಲ್ಲಿ ಶಂಕ್ರೆವ್ವನಿಗೆ ಮತ್ತೆ ಅನುಮಾನ ಬಂತು. ಇದನ್ನು ಮಾತ್ರ ತೆಗೆಯಬೇಡಿ ಎಂದು ಆ ಹುಡುಗಿ ಯಾಕೆ ಅಷ್ಟು ಒತ್ತಿ ಹೇಳಿದಳು? ಹಳೆಯ ಸಾಮಾನು ಸಾಗಹಾಕಲು ಇರಬೇಕು. ಎಡಗಿವಿಯಲ್ಲಿ ಇಡೀ ಬಸ್ಸು ಗಡಗಡ ಎನ್ನುತ್ತಿತ್ತು, ಬಲಗಿವಿಯಲ್ಲಿ ಅದೇ ಬಸ್ಸು ಹಾಸಿಗೆಯ ಮೇಲೆ ಹೋಗುತ್ತಿತ್ತು.

ಗುರುವಾರ ಸಂಜೆ ಅವಳು ರೊಟ್ಟಿ ಬಡಿಯುತ್ತಿದ್ದಳು. ಕಸ್ತೂರಿ ಬಾಗಿಲ ಹತ್ತಿರ ಕೂತು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಳು. ಎಂದಿನಂತೆ ಶಂಕ್ರೆವ್ವ ಬೆನ್ನು ಹಾಕಿ ಶೆಡ್ಡಿನ ಸುದ್ದಿ ಹೇಳುತ್ತಿದ್ದಳು. ಸೋಮವಾರ ಮಗ್ಗಕ್ಕೆ ನಿಲ್ಲುವಾಗ ಸಡಿಲ ಓಡಣಿ ಹೊದೆಯಬೇಡ, ಚಕ್ರಕ್ಕೆ ಸಿಗುತ್ತದೆ ಎಂದಳು. ಆಗ ಎಡಗಿವಿಯಲ್ಲಿ ಮಗಳ ದನಿ ಬಂತು. ದಿನಾ ಹೇಳಿ ಸಾಕಾದದ್ದನ್ನು ಹೇಳುವ ಹಾಗೆ, ಏರಿಳಿತವಿಲ್ಲದೆ.

"ಯವ್ವಾ, ನಾ ಸೋಮವಾರ ಮಗ್ಗಕ್ಕ ನಿಂದ್ರೂದಿಲ್ಲ. ಕಿವ್ಯಾಗ ಗುಂಯ್ ಅನ್ನೂದು ನಿಂತಿಲ್ಲ. ಇನ್ನ ಮಗ್ಗಕ್ಕ ನಿಂತ್ರ ನಿನ್ನಂಗ ಆಕ್ಕೈತಿ ಅಂತ ಡಾಕ್ಟರ್ ಬರದ ಕೊಟ್ಟಾರ." ಸ್ವಲ್ಪ ಬಿಟ್ಟು, "ರೊಟ್ಟಿ ಸೀಯಾಕತ್ತೈತಿ ನೋಡು."

ರೊಟ್ಟಿ ಸೀಯುವ ಮಾತು ಎರಡೂ ಕಿವಿಗೆ ಕೇಳಿತು. ಅದರ ಹಿಂದಿನದು ಎಡಗಿವಿಗೆ ಮಾತ್ರ ಕೇಳಿತ್ತು. ಬಲಗಿವಿಯಲ್ಲಿ ಆ ಹೊತ್ತು ಒಲೆಯ ಸದ್ದು ಇತ್ತು.

ಸೀರೆಯ ಎರಡು ಅಂಚು ಒಂದಕ್ಕೊಂದು ಹೊಂದದಿದ್ದರೆ ನೇಯುವವರಿಗೆ ನೋಡುವ ಮೊದಲೇ ಕೈಗೆ ತಿಳಿಯುತ್ತದೆ. ಶಂಕ್ರೆವ್ವ ರೊಟ್ಟಿ ತೆಗೆದಿಟ್ಟು ಒಲೆ ಆರಿಸಿದಳು. ತಿರುಗಲಿಲ್ಲ. ಎಡಗಿವಿಯನ್ನು ಅಂಗೈಯಿಂದ ಬಿಗಿಯಾಗಿ ಮುಚ್ಚಿಕೊಂಡು, ಇನ್ನೊಮ್ಮೆ ಹೇಳು ಎಂದಳು. ಕಾದಳು. ಬಲಗಿವಿಯಲ್ಲಿ ಹೊರಗೆ ಯಾವುದೋ ಸೈಕಲ್ ಹೋದದ್ದು ಕೇಳಿತು. ದೂರದಲ್ಲಿ ನಾಯಿ. ಮಾತಿಲ್ಲ. ತಿರುಗಿ ನೋಡಿದರೆ ಮಗಳ ತುಟಿ ಆಡುತ್ತಿತ್ತು. ಮೂರು ತಿಂಗಳಿಂದ ಅವಳು ಮನೆಯಲ್ಲಿ ಆ ತುಟಿಯನ್ನು ಓದಿರಲಿಲ್ಲ. ಓದಿದಳು. ನಿನ್ನಂಗ ಆಕ್ಕೈತಿ.

ಎಷ್ಟು ದಿನದಿಂದ ಎಂದು ಕೇಳಿದಳು. ಕಸ್ತೂರಿ ಮೆಣಸಿನಕಾಯಿಯ ಮೊರ ಪಕ್ಕಕ್ಕಿಟ್ಟಳು. ಎರಡು ತಿಂಗಳ ಹಿಂದೆ ಅವ್ವನ ಮೊಣಕಾಲು ಬಾತು ಮಲಗಿದಾಗ ಇಪ್ಪತ್ತು ದಿನ ಅವಳ ಮಗ್ಗ ತಾನು ನಡೆಸಿದ್ದಲ್ಲ, ಆಗಿನಿಂದ ಎಂದಳು.

"ಮೊದ್ಲನೇ ದಿನಾನ ಹೇಳೀನಿ. ಆಮ್ಯಾಲ ದಿನಾ ಹೇಳೀನಿ. ಡಾಕ್ಟರ್ ಚೀಟಿ ನಿನ್ನ ಕಣ್ಮುಂದ ಗ್ವಾಡಿಗೆ ಸಿಗಿಸೀನಿ. ನೀ 'ಹೂಂ' ಅಂತಿ, ಮತ್ತ ಓಡಣಿ ಸುದ್ದಿ ಹೇಳ್ತಿ. ಮನಿ ಸಲುವಾಗಿ ನನ್ನ ಕಿವಿ ಹೋದ್ರೂ ಇಕಿಗೆ ನಡೀತೈತಿ ಅಂತ ತಿಳ್ಕೊಂಡೆ."

ಕಿವಿ ಹೋದವರೆಲ್ಲ ಕಲಿಯುವ ಮೊದಲ ಪಾಠ ಅದು, ಕೇಳದಿದ್ದಾಗ 'ಹೂಂ' ಎನ್ನುವುದು. ಕಾಳು ಬಂದ ಮೇಲೂ ಅವಳ ಬಾಯಿ ಆ ರೂಢಿ ಬಿಟ್ಟಿರಲಿಲ್ಲ. ಗೋಡೆಯ ಚೀಟಿಯನ್ನು ಅವಳು ನೋಡಿದ್ದಳು, ಓದಲು ಬರುತ್ತಿರಲಿಲ್ಲ. ತನ್ನ ಕಾಳಿನ ಚೀಟಿ ಎಂದುಕೊಂಡಿದ್ದಳು.

ಶುಕ್ರವಾರ ತಾಯಿ ಮಗಳು ಇಬ್ಬರೂ ಹುಬ್ಬಳ್ಳಿಗೆ ಹೋದರು. ಮೇಧಾ ಅವರನ್ನು ಪರದೆಯ ಕೋಣೆಗೆ ಕರೆದೊಯ್ಯಲಿಲ್ಲ, ಕೆಳಗಿನ ಪರೀಕ್ಷೆಯ ಕೋಣೆಯಲ್ಲಿ ಬಾಗಿಲು ಹಾಕಿ ಕೂರಿಸಿದಳು. ಶಂಕ್ರೆವ್ವ ಬಲಗಿವಿಯ ಕಾಳನ್ನು ತೆಗೆದು ಮೇಜಿನ ಮೇಲಿಟ್ಟು, ಇದು ನನ್ನ ಮಗಳ ಮಾತು ಕದಿಯುತ್ತದೆ, ಯಾರು ಹೇಳಿಕೊಟ್ಟರು ಇದಕ್ಕೆ ಎಂದು ಕೇಳಿದಳು. ಸಾವ್ಕಾರರು ಹೇಳಿಕೊಟ್ಟಿರಬೇಕು. ಕಸ್ತೂರಿ ಮಗ್ಗಕ್ಕೆ ನಿಂತರೆ ಲಾಭ ಅವರಿಗೇ.

ಮೇಧಾ ಯಂತ್ರ ನಾಡಿ ನೋಡುವ ರೀತಿ, ಬಾಧಿಸಿದ್ದನ್ನು ಇಳಿಸುವ ರೀತಿ, ಎಲ್ಲವನ್ನೂ ಬಿಡಿಸಿ ಹೇಳಿದಳು. ಹೇಳುವ ಅನುಮತಿ ಅವಳಿಗೆ ಇರಲಿಲ್ಲ. ಸಾವ್ಕಾರರೂ ಕೇಂದ್ರದವರೂ ಇದಕ್ಕೆ ಯಾವ ಮಾತನ್ನೂ ಕಲಿಸಿಲ್ಲ ಎಂದಳು.

"ಹಂಗಾರ ಯಾರು?"

"ಅದು ಹಾಕ್ಕೊಂಡವ್ರಿಂದ ಕಲೀತದ್ರಿ. ಒಂದ್ ಮಾತು ನಿಮಗ ಚುಚ್ಚಬೇಕು, ನಿಮ್ಮ ನಾಡಿ ಏರಬೇಕು, ಆಗ ಕಲೀತದ. ಮೊದಲ್ನೇ ಸಲ ನೀವು ಅದನ್ನ ಕೇಳಿರ್ತೀರಿ ಶಂಕ್ರೆವ್ವಾರ. ಪೂರ್ತಿ ಕೇಳಿರ್ತೀರಿ."

ಶಂಕ್ರೆವ್ವ ಮಗಳ ಕಡೆ ನೋಡಲಿಲ್ಲ. ನೆನಪು ಬಂದಿತ್ತು. ಮೊಣಕಾಲಿಗೆ ಎಣ್ಣೆ ತಿಕ್ಕುತ್ತಾ ಕಸ್ತೂರಿ ಹೇಳಿದ್ದಳು, ಕಿವಿಯಲ್ಲಿ ಗುಂಯ್ ಅನ್ನುತ್ತಿದೆ ಎಂದು. ಶೆಡ್ಡಿನಲ್ಲಿ ಎಲ್ಲರಿಗೂ ಅನ್ನುತ್ತದೆ, ಮಲಗಿ ಎದ್ದರೆ ಹೋಗುತ್ತದೆ ಎಂದು ತಾನು ಅಂದಿದ್ದಳು. ಆಗ ಎದೆ ಒಂದು ಕ್ಷಣ ನಿಂತ ಹಾಗಾಗಿತ್ತು. ಅಂದು ಅದನ್ನು ಬದಿಗೆ ತಳ್ಳಿದವಳು ತಾನು. ಕಾಳು ಆಮೇಲೆ ದಿನಾ ಅದನ್ನೇ ಮಾಡಿತ್ತು, ತಪ್ಪದೆ, ತನಗಿಂತ ಚೆನ್ನಾಗಿ.

ಈ ಕಲಿಕೆಯನ್ನು ತೆಗೆಯಲು ಆಗುತ್ತದೆಯೇ ಎಂದು ಕಸ್ತೂರಿ ಕೇಳಿದಳು. ಆಗುತ್ತದೆ ಎಂದಳು ಮೇಧಾ. ಆದರೆ ಮೊದಲ ವಾರದ ಹಿಂಸೆ ಪೂರ್ತಿ ವಾಪಸ್ ಬರುತ್ತದೆ, ತಟ್ಟೆ, ನಲ್ಲಿ, ಎಲ್ಲ. ಈ ಸಲ ಅದಕ್ಕೆ ನೀವೇ ರೂಢಿಯಾಗಬೇಕು, ಯಂತ್ರ ನಿಮಗೆ ಹೊಂದಿಕೊಳ್ಳುವುದಿಲ್ಲ. ಪರದೆಯ ಮೇಲೆ ನಿಮ್ಮ ತಾಸು ಇಳಿಯುತ್ತದೆ, ಸಾಲು ಕೆಂಪಾಗುತ್ತದೆ, ಮೇಲಿನವರು ನನ್ನನ್ನು ಕೇಳುತ್ತಾರೆ. ಕೇಳಲಿ.

ಶಂಕ್ರೆವ್ವ ಕಾಳನ್ನು ಅವಳ ಕಡೆಗೆ ಸರಿಸಿದಳು. ಮೇಧಾ ಅದನ್ನು ಕಂಪ್ಯೂಟರಿಗೆ ಜೋಡಿಸಿ ಕೆಲಸ ಮಾಡುತ್ತಿರುವಾಗ, ನಮ್ಮ ಸಾವ್ಕಾರರ ಕಾಳೂ ಹೀಗೆಯೇ ಇರಬೇಕಲ್ಲ ಎಂದಳು. ಅವರು ಈಗೀಗ ಸಿಟ್ಟೇ ಆಗುವುದಿಲ್ಲ.

ಬೇರೆಯವರ ವಿಷಯ ಹೇಳುವಂತಿಲ್ಲ ಎಂದು ಮೇಧಾ ಪರದೆಯತ್ತಲೇ ನೋಡುತ್ತಾ ಹೇಳಿದಳು. ಶಂಕ್ರೆವ್ವ ಅವಳ ಬಾಯಿ ನೋಡುತ್ತಿದ್ದಳು. ಬಾಯಿ ಹೇಳದ್ದನ್ನು ಮುಖ ಹೇಳಿತು. ಹನ್ನೊಂದನೆಯ ಮಗ್ಗದ ತಡೆಕಂಬಿ ಇನ್ನೂ ಮುರಿದೇ ಇತ್ತು. ಹುಸೇನಬಿ ಅದನ್ನು ನಾಲ್ಕು ಸಲ ಹೇಳಿದ್ದಳು, ನಾಲ್ಕು ಸಲವೂ ಅವರು ನಕ್ಕು "ಆಗ್ಲಿ" ಎಂದಿದ್ದರು.

ಶನಿವಾರ ಬೆಳಿಗ್ಗೆ ಕಾಳು ಹಾಕಿಕೊಂಡ ಕೂಡಲೇ ನಲ್ಲಿ ಹನಿಕ್ಕುವುದು ಬಲಗಿವಿಗೂ ಕೇಳಿತು. ಕಸ್ತೂರಿ ತಟ್ಟೆ ಇಟ್ಟಳು, ತಲೆಗೆ ಮೊಳೆ ಬಿತ್ತು. ಶಂಕ್ರೆವ್ವ ಕಾಳು ತೆಗೆಯಲಿಲ್ಲ. ಮಗಳಿಗೆ, ಸೋಮವಾರ ಮಗ್ಗಕ್ಕೆ ಬರಬೇಡ, ಕಂಡಿಕೆ ಕೋಣೆಗೆ ಹೋಗು ಎಂದಳು. ಹಾಗಾದರೆ ಮನೆ ಎಂದು ಕಸ್ತೂರಿ ಕೇಳಿದಳು. ಅದನ್ನೇ ಕೇಳಲು ಹೋಗುತ್ತೇನೆ ಎಂದು ಗೋಡೆಯ ಚೀಟಿ ಬಿಡಿಸಿಕೊಂಡಳು.

ಸಾವ್ಕಾರರ ಕೋಣೆ ಶೆಡ್ಡಿನ ತುದಿಗಿತ್ತು, ನಡುವೆ ಗಾಜಿನ ಗೋಡೆ. ಬಾಗಿಲು ಹಾಕಿಕೊಂಡರೆ ಮಗ್ಗದ ಸದ್ದು ಅರ್ಧಕ್ಕಿಳಿಯುತ್ತದೆ. ಗುರುಪಾದಪ್ಪನವರು ಚಹಾ ಕುಡಿಯುತ್ತಿದ್ದರು. ಅರವತ್ತೆರಡರ ಮನುಷ್ಯ. ಮುಖದ ಗಂಟುಗಳೆಲ್ಲ ಬಿಚ್ಚಿಕೊಂಡು ಹತ್ತು ವರ್ಷ ಚಿಕ್ಕವರಾದ ಹಾಗಿದ್ದರು.

"ಬಾ ಶಂಕ್ರೆವ್ವ. ಕಿವಿ ಹೆಂಗದಾವು?"

ಅವಳು ನಿಂತುಕೊಂಡೇ ಹೇಳಿದಳು. ಕಸ್ತೂರಿ ಸೋಮವಾರ ಬರುವುದಿಲ್ಲ, ಅವಳ ಕಿವಿ ಹೊರಟಿದೆ, ಡಾಕ್ಟರು ಬರೆದುಕೊಟ್ಟಿದ್ದಾರೆ, ಎರಡೇ ಮಗ್ಗಕ್ಕೆ ಮನೆ ಉಳಿಸಿಕೊಡಬೇಕು. ಅವರು ಅವಳ ಹಣೆಯ ಮೇಲೆಲ್ಲೋ ಕಣ್ಣಿಟ್ಟು ತಲೆಯಾಡಿಸುತ್ತಾ ಕೇಳಿದರು. ಕೇಳುವವರ ಹಾಗೆ ಕೂತಿದ್ದರು. ಅವಳು ನಿಲ್ಲಿಸಿದ ಮೇಲೆ ನಕ್ಕರು.

"ಆಗ್ಲಿ. ಸೋಮವಾರ ಮುಂಜಾನೆ ಲಗೂ ಕಳಿಸು ಅಕಿನ್ನ."

ಶಂಕ್ರೆವ್ವನಿಗೆ ಸಿಟ್ಟು ಬರಲಿಲ್ಲ. ಗುರುವಾರದ ತನಕ ತಾನೂ ಹೀಗೇ ಇದ್ದೆ ಎಂದು ತಿಳಿಯಿತು. ಕಾಳು ತೆಗೆಯಿರಿ ಎಂದು ಹೇಳಬಹುದಿತ್ತು. ಆ ಮಾತನ್ನು ಕಾಳು ಒಳಗೆ ಬಿಟ್ಟೀತೆಂಬ ನಂಬಿಕೆ ಅವಳಿಗೆ ಇರಲಿಲ್ಲ.

ಅವಳು ಮೇಜಿನ ಹತ್ತಿರ ಬಂದು ಅಂಗೈಯಿಂದ ಮೇಜಿನ ಹಲಗೆಯನ್ನು ಎರಡು ಸಲ ತಟ್ಟಿದಳು. ಶೆಡ್ಡಿನಲ್ಲಿ ಪಕ್ಕದವರನ್ನು ಕರೆಯುವುದು ಹಾಗೆ, ಮಗ್ಗದ ಮರವನ್ನು ತಟ್ಟಿ. ಸದ್ದು ಕೇಳುವುದಿಲ್ಲ, ಮರದ ನಡುಕ ಕೈಗೆ ತಾಗುತ್ತದೆ. ಹದಿನಾರು ವರ್ಷ ನೇಯ್ದವರ ತಲೆ ಯೋಚಿಸುವ ಮೊದಲೇ ಮೇಲೆದ್ದಿತು, ಕಣ್ಣು ನೇರ ಅವಳ ಬಾಯಿಗೆ ಬಂತು.

ಆಗ ಶಂಕ್ರೆವ್ವ ದನಿ ತೆಗೆಯದೆ, ತುಟಿಯನ್ನು ಅಗಲವಾಗಿ ಬಿಡಿಸಿ ಹೇಳಿದಳು.

ಕಸ್ತೂರಿ ಬರೂದಿಲ್ಲ. ಅಕಿ ಕಿವಿ ಹೊಂಟಾವು. ನನ್ನವು ಹೋದಂಗ. ನಿಮ್ಮವು ಹೋದಂಗ.

ಸಾವ್ಕಾರರ ನಗು ಮುಖದ ಮೇಲೆ ಹಾಗೇ ಇತ್ತು, ಅದರ ಕೆಳಗೆ ಬೇರೆ ಮುಖ ಬಂತು. ಕೈ ಕಿವಿಯ ಹತ್ತಿರ ಹೋಗಿ ನಿಂತಿತು. ಅವಳ ತುಟಿ ಆಡಿದ್ದು ಕಂಡಿತ್ತು, ಕಿವಿಯಲ್ಲಿ ಏನೂ ಬಂದಿರಲಿಲ್ಲ. ಬರುವಂತಹ ದನಿಯನ್ನೇ ಅವಳು ತೆಗೆದಿಲ್ಲ ಎಂದು ಅವರಿಗೆ ತಿಳಿಯಲು ಒಂದು ಗಳಿಗೆ ಬೇಕಾಯಿತು. ಆಮೇಲೆ ಅವರೂ ದನಿಯಿಲ್ಲದೆ, ನಲವತ್ತು ವರ್ಷದ ಹಿಂದಿನ ಹಾಗೆ, ತುಟಿಯಲ್ಲಿ ಒಂದೇ ಮಾತು ಕೇಳಿದರು.

ಮನಿ?

ಮನಿ ಬಿಡೂದಿಲ್ಲ, ಎಂದಿತು ಅವಳ ತುಟಿ. ಹನ್ನೊಂದನೇ ಮಗ್ಗದ ಕಂಬಿ ಮುರದೈತಿ. ಹುಸೇನಬಿ ನಾಕು ಸಲ ಹೇಳ್ಯಾಳು. ನೀವು ನಾಕು ಸಲ ನಕ್ಕೀರಿ.

ಗುರುಪಾದಪ್ಪನವರು ಕಣ್ಣು ಮುಚ್ಚಿಕೊಂಡರು.

ಇದಕ್ಕೆ ಯಾವ ಯಂತ್ರವೂ ಬೇಕಿರಲಿಲ್ಲ. ಶಂಕ್ರೆವ್ವ ಗೋಡೆಯ ಹತ್ತಿರದ ಸ್ಟೂಲು ಎಳೆದುಕೊಂಡು ಅವರ ಎದುರಿಗೆ ಕೂತಳು. ಸಾವ್ಕಾರರ ಮುಂದೆ ಅವಳು ಕೂತದ್ದು ಅದೇ ಮೊದಲು. ಸ್ಟೂಲಿನ ಕಾಲು ನೆಲಕ್ಕೆ ತಿಕ್ಕಿದ ಸದ್ದು ಅವಳ ಎರಡೂ ಕಿವಿಯನ್ನು ಸೀಳಿತು. ತಡೆದುಕೊಂಡಳು. ಡಾಕ್ಟರರ ಚೀಟಿಯನ್ನು ಚಹಾದ ಬಟ್ಟಲಿನ ಪಕ್ಕದಲ್ಲಿಟ್ಟಳು. ಗಾಜಿನಾಚೆ ಹುಸೇನಬಿ ಮಗ್ಗ ಬಿಟ್ಟು ಇತ್ತ ನೋಡುತ್ತಾ, ಏನಂತಾನ ಎಂದು ತುಟಿಯಲ್ಲಿ ಕೇಳಿದಳು. ಕಣ್ಣು ಮುಚ್ಯಾನ, ಎಂದಳು ಶಂಕ್ರೆವ್ವ. ಕುಂದ್ರು ಅಲ್ಲೇ, ಎಂದಳು ಹುಸೇನಬಿ.

ಶಂಕ್ರೆವ್ವ ಕೂತೇ ಇದ್ದಳು. ಚಹಾದ ಮೇಲೆ ಕೆನೆ ಕಟ್ಟಿತು. ಮನುಷ್ಯ ಎಷ್ಟು ಹೊತ್ತು ಕಣ್ಣು ಮುಚ್ಚಿಕೊಂಡು ಕೂತಾನು.

ಕೊನೆಗೆ ಅವರು ಕಣ್ಣು ಬಿಡದೆಯೇ ಕೈ ಎತ್ತಿ ಬಲಗಿವಿಯ ಕಾಳು ತೆಗೆದರು, ಆಮೇಲೆ ಎಡಗಿವಿಯದ್ದು, ಎರಡನ್ನೂ ಚೀಟಿಯ ಮೇಲೆ ಇಟ್ಟರು. ಕಣ್ಣು ಬಿಟ್ಟರು.

ಶಂಕ್ರೆವ್ವ ಮೇಜನ್ನು ಎರಡು ಸಲ ತಟ್ಟಿ, ಮೊದಲಿನಿಂದ ಶುರು ಮಾಡಿದಳು.